ಇಗರ್ಜಿಯ ಬಾಗಿಲಲ್ಲಿ ಬಿಟ್ಟ ಶೂ

ಆಂಟಿಯ ಹೃದಯದ ಆಪರೇಷನ್ ಗುರುವಾರ ಎಂದು ಗೊತ್ತಾದ ದಿನವೇ ನನ್ನ ಬೆಲ್ಜಿಯಂ ಟಿಕೆಟ್ಟೂ ಬಂತು. ಮೀಟಿಂಗ್ ಅದೇ ವಾರ. ನಾನು ಹೋಗುವುದಿಲ್ಲ ಎಂದು ಆಫೀಸಿನಲ್ಲಿ ರೇಗಾಡಿ ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಇಳಿಸಲು ಬರುವುದು ನೈರೋಬಿಯಲ್ಲಿ ಆಂಟಿ ಒಬ್ಬರಿಗೇ.

ಆಂಟಿ, ಸೌತ್ ಸಿ ಬಡಾವಣೆಯಲ್ಲಿ ನನ್ನ ಫ್ಲ್ಯಾಟಿಗಿಂತ ಎರಡು ಮಹಡಿ ಕೆಳಗಿನ ಮನೆಯವರು. ಮಂಗಳೂರಿನ ಕ್ಯಾಥೊಲಿಕರು, ಗಂಡನ ಜೊತೆ ಕೊಂಕಣಿ, ನನ್ನ ಜೊತೆ ಮಂಗಳೂರು ಕನ್ನಡ. ಹನ್ನೊಂದು ವರ್ಷದ ಹಿಂದೆ ನಾನು ಮೈಸೂರಿನಿಂದ ಒಬ್ಬಳೇ ಇಲ್ಲಿಗೆ ಕೆಲಸಕ್ಕೆ ಬಂದು, ಆಫೀಸಿನ ಕೆಲಸಕ್ಕೆಂದು ಕಿಸುಮುವಿಗೆ ಹೋಗಿ ಮಲೇರಿಯಾ ಹಿಡಿಸಿಕೊಂಡು ಮಲಗಿದ್ದಾಗ, ಗಂಜಿ ಪಾತ್ರೆ ಹಿಡಿದು ಮೇಲೆ ಹತ್ತಿ ಬಂದವರು ಇವರು. ಹಜಾರದ ಮೂಲೆಯ ದೇವರ ಗೂಡು ಕಂಡದ್ದೇ ಚಪ್ಪಲಿ ಕಳಚಿಟ್ಟರು.

"ಅದು ನಿಮ್ಮ ದೇವರಲ್ವಲ್ಲ ಆಂಟಿ" ಎಂದೆ.

"ಆದ್ರೆ ಎಂತ? ಮನೆಗೆ ಬಂದವಳು ನಾನಲ್ವಾ ಮಾರಾಯ್ತಿ?" ಎಂದರು. ನನ್ನ ಮನೆಯ ಇನ್ನೊಂದು ಬೀಗದ ಕೈ ಅಂದಿನಿಂದ ಅವರ ಬಳಿಯೇ ಇದೆ.

ಈ ಸಲವೂ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ನಕ್ಕರು. "ನೀನು ಹೋಗು. ಇಲ್ಲಿ ಕೂತು ಎಂತ ಮಾಡುದು, ಡಾಕ್ಟ್ರ ಹತ್ರ ಜಗಳವಾ? ಅಲ್ಲಿ ದೊಡ್ಡ ಇಗರ್ಜಿ ಉಂಟಂತೆ. ನನ್ನನ್ನು ಒಳಗೆ ಕರ್ಕೊಂಡು ಹೋಗುವ ಮೊದಲು ಒಂದು ಮೇಣದಬತ್ತಿ ಹೊತ್ತಿಸು." ತಾವೇ ಹೆಣೆದ ಉಣ್ಣೆಯ ಕಾಲುಚೀಲವನ್ನೂ ಕೈಗೆ ಕೊಟ್ಟರು. ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರ್ ಹೇಳಿದ್ದರಿಂದ ಬೀಳ್ಕೊಡಲು ಬಾಗಿಲವರೆಗೆ ಮಾತ್ರ ಬಂದರು.

ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ನೈರೋಬಿಯ ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್. ಬೆಲ್ಜಿಯಂನಲ್ಲಿ ಆಗ ಹತ್ತು ಗಂಟೆ. ಗುರುವಾರ ಮೀಟಿಂಗಿಗೆ ಚಕ್ಕರ್ ಹೊಡೆದು ಒಂಬತ್ತಕ್ಕೇ ಹೊರಟೆ. ಆ ಹಳೆಯ ಊರಿನ ತುಂಬ ಕಾಲುವೆಗಳು. ಮನೆಗಳ ಗೋಡೆ ನೇರ ನೀರಿಗೇ ಇಳಿದಿವೆ, ಕಮಾನು ಸೇತುವೆಗಳ ಕೆಳಗೆ ಹಂಸಗಳು ತೇಲುತ್ತಿವೆ, ಮಳೆಯಲ್ಲೂ ಜನ ನಿಂತು ಫೋಟೋ ತೆಗೆಯುತ್ತಿದ್ದಾರೆ. ನನಗೋ ಆ ಚಂದದ ಮೇಲೆಲ್ಲ ಕೋಪ. ಇಗರ್ಜಿಯ ಗೋಪುರ ಎದುರಿಗೇ ಕಾಣುತ್ತದೆ. ನಡೆದರೆ ನಡುವೆ ನೀರು. ಸೇತುವೆ ಹುಡುಕಿಕೊಂಡು ಬಂದ ದಾರಿಗೆ ವಾಪಸ್. ನಮ್ಮ ನೈರೋಬಿಯ ಮಟಾಟು ವ್ಯಾನಿನ ಡ್ರೈವರ್ ಆಗಿದ್ದರೆ ಫುಟ್‌ಪಾತ್ ಮೇಲಾದರೂ ಹತ್ತಿಸಿ ತಲುಪಿಸುತ್ತಿದ್ದ ಎಂದು ಗೊಣಗುತ್ತ ಓಡಿದೆ.

ಬಾಗಿಲು ಮುಟ್ಟಿದಾಗ ಹತ್ತಕ್ಕೆ ಇನ್ನು ಹತ್ತು ನಿಮಿಷ. ಗಡಿಬಿಡಿಯಲ್ಲಿ ಹೊಸ್ತಿಲ ಬಳಿ ಒದ್ದೆ ಶೂ ಕಳಚಿ ಬದಿಗಿಟ್ಟು ಒಳಗೆ ನುಗ್ಗಿದೆ. ಅರ್ಧ ದಾರಿ ಹೋದ ಮೇಲೆ ನೋಡುತ್ತೇನೆ, ಎಲ್ಲರ ಕಾಲಲ್ಲೂ ಶೂ ಇದೆ. ಮೈಸೂರಿನ ಕಾಲು, ಯಾರನ್ನೂ ಕೇಳದೆ ತನ್ನ ಪದ್ಧತಿ ನಡೆಸಿಬಿಟ್ಟಿತ್ತು. ವಾಪಸ್ ಹೋಗಲು ಸಮಯವಿರಲಿಲ್ಲ. ತಲೆ ಎತ್ತಿದರೂ ಮುಗಿಯದ ಕಲ್ಲಿನ ಕಂಬಗಳು, ಬಣ್ಣದ ಗಾಜಿನಿಂದ ಇಳಿಯುವ ಬೆಳಕು, ಪಾದದಡಿ ತಣ್ಣಗಿನ ನೆಲ. ಆಂಟಿಯ ಕಾಲುಚೀಲ ಮಾತ್ರ ಬೆಚ್ಚಗಿತ್ತು.

ಮೇಣದಬತ್ತಿ ಹಚ್ಚಿದೆ. ಹಚ್ಚಿದ ಮೇಲೆ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಒಂಟಿ ದೀಪ ಇಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಚ್ಚಿದೆ. ಅಲ್ಲಿ ಏನು ಹೇಳಬೇಕೆಂದು ನನಗೆ ತಿಳಿಯದು. "ನಮ್ಮ ಆಂಟೀನ ವಾಪಸ್ ಕಳಿಸು" ಎಂದು ಕನ್ನಡದಲ್ಲೇ ಗದರಿದಂತೆ ಬೇಡಿಕೊಂಡೆ.

ಹಿಂದಿರುಗಿದರೆ ಬಾಗಿಲಲ್ಲಿ ಶೂ ಇಲ್ಲ! ಪೆಚ್ಚಾಗಿ ನಿಂತಿದ್ದಾಗ ಇಗರ್ಜಿ ನೋಡಿಕೊಳ್ಳುವ ಮುದುಕರೊಬ್ಬರು ನನ್ನ ಕಾಲು ನೋಡಿ, ಬಾ ಎಂದು ಸನ್ನೆ ಮಾಡಿದರು. ಅವರ ಕೋಣೆಯ ಹೀಟರ್ ಪಕ್ಕ ನನ್ನ ಶೂಗಳು, ಒಳಗೆ ಹಳೆಯ ಪೇಪರ್ ತುರುಕಿಸಿಕೊಂಡು ಒಣಗುತ್ತಿದ್ದವು. ಅವರು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಬೆಚ್ಚಗಾದ ಶೂ ಹಾಕಿಕೊಳ್ಳುವಾಗ ಅಳು ತಡೆಯಲಾಗಲಿಲ್ಲ. ಅವರ ಭಾಷೆ ನನಗೆ ಬಾರದು, ಬಾಯಿಗೆ ಬಂದದ್ದು "ಅಸಾಂಟೆ" ಎಂಬ ನಮ್ಮ ನೈರೋಬಿಯ ಧನ್ಯವಾದ. ಅವರು ಅರ್ಥವಾದವರಂತೆ ತಲೆಯಾಡಿಸಿದರು.

ಸಂಜೆ ಅಂಕಲ್ ಫೋನ್ ಮಾಡಿದರು. ಆಪರೇಷನ್ ಚೆನ್ನಾಗಿ ಆಗಿತ್ತು. "ನಿನ್ನ ಆಂಟಿ ಬೆಳಿಗ್ಗೆ ಬರಿಗಾಲಲ್ಲಿ ಕಾರು ಹತ್ತಿದ್ದು ಮಾರಾಯ್ತಿ. ಚಪ್ಪಲಿ ಎಲ್ಲಿ ಬಿಟ್ಟಳೋ, ಮನೆ ಇಡೀ ಹುಡುಕಿದೆ" ಎಂದರು. ಆ ಸಂತೋಷದಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ನೈರೋಬಿಗೆ ಇಳಿದು, ಸ್ನಾನ ಮುಗಿಸಿ ಆಸ್ಪತ್ರೆಗೆ ಹೋಗೋಣವೆಂದು ಮನೆ ಬಾಗಿಲು ತೆಗೆದೆ. ದೇವರ ಗೂಡಿನಲ್ಲಿ ನನ್ನ ಎರಡೂ ದೀಪಗಳಲ್ಲಿ ಬತ್ತಿ ಉರಿದು ಕರಕಲಾಗಿತ್ತು. ಬೆಲ್ಜಿಯಂಗೆ ಹೊರಡುವ ಮುನ್ನ ನಾನು ತೊಳೆದು ಕವುಚಿಟ್ಟಿದ್ದ ದೀಪಗಳು. ಪಕ್ಕದ ಗೋಡೆಗೆ ತಾಗಿ ಆಂಟಿಯ ಚಪ್ಪಲಿ.

ಸ್ನಾನ ಮರೆತು ಆ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಅಪ್ಪರ್ ಹಿಲ್‌ಗೆ ಹೋದೆ. ಆಂಟಿ ದಿಂಬಿಗೆ ಒರಗಿ ಕೂತಿದ್ದರು. ಜೀವ ಬಂದಂತಾಯಿತು, ಜೊತೆಗೇ ಸಿಟ್ಟೂ ಬಂತು. "ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರ್ ಹೇಳಿರ್ಲಿಲ್ವಾ? ಏನಾದ್ರೂ ಆಗಿದ್ರೆ?"

"ಮೆಲ್ಲ ಹತ್ತಿದೆ," ಎಂದರು ಆಂಟಿ ಸಣ್ಣ ದನಿಯಲ್ಲಿ. "ನೀನು ನನಗೋಸ್ಕರ ಅಲ್ಲಿ ಹೊತ್ತಿಸುವಾಗ ನಿನ್ನ ಮನೆ ಕತ್ತಲೆ ಇರುದಾ?"

 ಮಂಚದ ಪಕ್ಕ ನೆಲದ ಮೇಲೆ ಕೂತು, ಆ ಚಪ್ಪಲಿಗಳನ್ನು ಒಂದೊಂದಾಗಿ ಅವರ ಕಾಲಿಗೆ ಹಾಕಿದೆ.