ಮೇಣ ಮೆತ್ತಿದ ಎರಡು ದವಡೆಹಲ್ಲು

ನಂಬಬೇಡಿ, ನನಗೇನೂ ಬೇಜಾರಿಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ನನ್ನ ಮಾತನ್ನು ನಂಬಿದವರು ಯಾರೂ ಇಲ್ಲ. ಆದರೂ ಹೇಳುತ್ತೇನೆ: ನನಗೆ ಹನ್ನೊಂದನೇ ವಯಸ್ಸು ಎರಡು ಸಲ ಬಂತು. ನಿಮಗೆ ಬಂದಿತ್ತೇ?

ಮೂವತ್ತರ ದಶಕದಲ್ಲಿ ಹುಟ್ಟಿದ ತಾರೀಖು ಬರೆದಿಡುವುದು ಜಾತಕ ಇದ್ದವರ ಮನೆಯ ಚಟ. ನಮ್ಮಮ್ಮನನ್ನು ಕೇಳಿದರೆ, ಕೆಂದ ಹಸು ಎರಡನೇ ಸಲ ಈದಾಗ ಹುಟ್ಟಿದ ಅನ್ನುತ್ತಿದ್ದಳು. ಹಸು ತೀರಿಹೋಗಿತ್ತು, ಸಾಕ್ಷಿಗೆ ಕರೆಯುವಂತಿರಲಿಲ್ಲ.

ಕುರುಡುಮಲೆಯ ಪಕ್ಕದ ನಮ್ಮೂರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಕೋಲಾರದ ಉಚಿತ ಹಾಸ್ಟೆಲೇ ಗತಿ. ಅಲ್ಲಿ ಹನ್ನೆರಡು ತುಂಬದವರಿಗೆ ಮಾತ್ರ ಜಾಗ; ವಯಸ್ಸಿಗೆ ಡಾಕ್ಟರ ಚೀಟಿ ಬೇಕು. ಸಿಗದಿದ್ದರೆ ಹಗ್ಗ ಹಿಡಿದು ತಾತನ ಹಿಂದೆ ಹೋಗುವುದೇ.

ತಾತ ಎತ್ತಿನ ದಲ್ಲಾಳಿ. ಶ್ರೀನಿವಾಸಪುರದ ತನಕ ಅವನ ಹೆಸರು ನಡೆಯುತ್ತಿತ್ತು. ಎತ್ತಿನ ಬಾಯಿ ತೆರೆಸಿದರೆ ಸಾಕು, ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿ ಗೂಡಿದೆಯೋ ನೋಡಿ ವಯಸ್ಸು ಹೇಳಿಬಿಡುತ್ತಿದ್ದ. ಮುದಿ ಎತ್ತಿನ ಹಲ್ಲನ್ನು ಅರದಲ್ಲಿ ಉಜ್ಜಿ ಹರೆಯ ತರಿಸುವ ದಲ್ಲಾಳಿಗಳೂ ಇದ್ದರು. ತಾತ ಮನೆಯಲ್ಲಿ ಅರವನ್ನೇ ಇಟ್ಟಿರಲಿಲ್ಲ.

ನನ್ನ ಗ್ರಹಚಾರ, ಡಾಕ್ಟರ ಹತ್ತಿರ ಹೋಗುವ ಒಂದು ವಾರ ಮುಂಚೆ ಕೆಳದವಡೆಯ ಹಿಂದೆ ಎರಡು ಹೊಸ ಹಲ್ಲು ತಲೆ ಎತ್ತಿದವು. ಹಾಲುಹಲ್ಲು ಬೀಳತೊಡಗುವುದು ಆರಕ್ಕೆ, ಈ ದವಡೆಹಲ್ಲು ಬರುವುದು ಹನ್ನೆರಡರ ಹೊತ್ತಿಗೆ ಎಂದು ನಮ್ಮ ಮೇಷ್ಟ್ರು ಹೆದರಿಸಿದರು. ಸಾಲದ್ದಕ್ಕೆ ನನ್ನ ಮಣಿಕಟ್ಟಿನ ಮೂಳೆ ನೇಗಿಲ ಹಿಡಿಯಂತಿತ್ತು.

ಆಗ ನನ್ನ ಬುದ್ಧಿವಂತಿಕೆ ನೋಡಿ. ಜೇನುಮೇಣಕ್ಕೆ ಚೂರು ಕುಂಕುಮ ಕಲಸಿ, ಒಸಡಿನ ಬಣ್ಣ ತಂದು, ಎರಡೂ ಹಲ್ಲಿನ ಮೇಲೆ ಮೆತ್ತಿಕೊಂಡೆ!

ಡಾಕ್ಟರು ಬಾಯಿಗೆ ಇಣುಕಿದರು. ಚಿಮಟದಲ್ಲಿ ಮೇಣ ಕಿತ್ತರು. ಬೆರಳಲ್ಲಿ ಹೊಸೆದು ಮೂಸಿದರು. ಜೊತೆಗೆ ಬಂದಿದ್ದ ತಾತ ಸೂರು ನೋಡುತ್ತಿದ್ದ. ಹಾಸ್ಟೆಲು ಹೋಯಿತು, ಹಗ್ಗ ಬಂತು ಅಂದುಕೊಂಡೆ.

“ಏನ್ ಯಜಮಾನ್ರೇ, ಎತ್ತಿನ ವ್ಯಾಪಾರಾನಾ?” ಅಂದರು.

“ಹೌದು ಸ್ವಾಮಿ. ಎತ್ತಿನ ಹಲ್ಲಲ್ಲಿ ಇವತ್ತಿನವರ್ಗೂ ಸುಳ್ಳು ಹೇಳಿಲ್ಲ,” ಅಂದ ತಾತ.

ಡಾಕ್ಟರು ನನ್ನ ಮಣಿಕಟ್ಟು ಒತ್ತಿ ನೋಡಿ ನಕ್ಕರು. “ಮಕ್ಕಳ ಹಲ್ಲು ಒಂದ್ ವರ್ಷ ಹಿಂದೆ ಮುಂದೆ ಬರುತ್ತೆ ಕಣೋ. ಮೂಳೇನೂ ಅಷ್ಟೇ. ಆ ಒಂದ್ ವರ್ಷ ಯಾರಿಗ್ ಸೇರ್ಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ನೀನೇ ಇಟ್ಕೋ.” ಹನ್ನೊಂದು ಎಂದು ಬರೆದರು.

ಆ ವರ್ಷದ ಮೇಲೇ ನನ್ನ ಬಾಳು ನಿಂತಿದೆ: ಕೋಲಾರದ ಓದು, ಮಾಲೂರಿನ ಮೇಷ್ಟ್ರಗಿರಿ, ನನ್ನ ಕೀಟಲೆ ಸಹಿಸಿದ ನೂರಾರು ಮಕ್ಕಳು. ಶಾಲೆಗೆ ಸೇರಲು ಬಂದವರ ಬಾಯಿ ತೆರೆಸಿದಾಗಲೆಲ್ಲ, ಅನುಮಾನದ ವರ್ಷವನ್ನು ಮಗುವಿಗೇ ಬಿಟ್ಟಿದ್ದೇನೆ. ಆ ಡಾಕ್ಟರಿಗೆ ನಾನು ಬೇರೆ ಹೇಗೆ ಕೈಮುಗಿಯಲಿ?

ಈಗ ನನ್ನ ಬಾಯಲ್ಲಿ ಹಲ್ಲಿಲ್ಲ, ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದರಲ್ಲಿ ಒಂದನ್ನು ಕಟ್ಟಿ ಹೇಳಿದ್ದೇನೆ. ಮೇಣ ಮೆತ್ತಿದ್ದು ನಾನಲ್ಲ. ಅಷ್ಟು ಜಾಣತನ ನನಗೆಲ್ಲಿತ್ತು? ಆ ಬೆಳಿಗ್ಗೆ ತಾತ ನನ್ನ ಬಾಯಿ ತೆರೆಸಿ ಮೇಣವನ್ನು ಹೆಬ್ಬೆರಳಲ್ಲಿ ಒತ್ತಿದ್ದ. ಡಾಕ್ಟರಿಗೆ ಅವನು ಹೇಳಿದ್ದು ಮಾತ್ರ ಪೂರಾ ನಿಜ: ಎತ್ತಿನ ಹಲ್ಲಲ್ಲಿ ಅವನು ಕೊನೆಯವರೆಗೂ ಸುಳ್ಳು ಹೇಳಲಿಲ್ಲ.