ಆತೆ ಕಲಿಸಿದ ಎರಡು ‘ನಾವು’

ಹೋದ ವಾರ ಇಲ್ಲೇ ಷಾರ್ಲೆಟ್‌ನ ಬ್ಯಾಲಂಟೈನ್‌ನಲ್ಲಿ ಹಲ್ಲಿನ ಡಾಕ್ಟರನ್ನು ಕಂಡು ಹೊರಗೆ ಬರುತ್ತಿದ್ದೆ. ಪಾರ್ಕಿಂಗ್ ಲಾಟಿನ ಆಚೆ ಹೊಸದಾಗಿ ತೆರೆದ ಸಣ್ಣ ಹೋಟೆಲಿನಿಂದ ಬೆಳ್ಳುಳ್ಳಿಯೂ ವಿನೆಗರೂ ಕೂಡಿ ಕುದಿಯುವ ವಾಸನೆ ಬಂತು. ಕಾರಿನ ಬಾಗಿಲಿಗೆ ಕೈಹಾಕಿದವಳು ಹಾಗೇ ನಿಂತುಬಿಟ್ಟೆ. ಒಂದು ಕಾಲಕ್ಕೆ ಆ ವಾಸನೆ ದಿನಾ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಪಕ್ಕದ ಮನೆಯ ಆತೆಯ ಒಲೆಯ ವಾಸನೆ...

ಅವರು ಫಿಲಿಪ್ಪೀನ್ಸಿನವರು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಗಂಡನ ಜೊತೆ ಷಾರ್ಲೆಟ್‌ಗೆ ಬಂದು, ಡೇಕೇರ್ ಒಂದರಲ್ಲಿ ಮಕ್ಕಳನ್ನು ನೋಡಿಕೊಂಡು, ನಿವೃತ್ತರಾಗಿದ್ದರು. ನಾವು ಆ ಟೌನ್‌ಹೌಸಿಗೆ ಬರುವ ಮೊದಲೇ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಪರಿಚಯವಾದ ದಿನವೇ, ತನ್ನನ್ನು ಆತೆ ಎಂದು ಕರೆಯಬೇಕೆಂದರು. ಅವರ ಟಗಾಲೊಗ್ ಭಾಷೆಯಲ್ಲಿ ಆತೆ ಎಂದರೆ ಅಕ್ಕ. ಆದರೆ ಹುಬ್ಬಳ್ಳಿಯ ನಮ್ಮ ಯಜಮಾನರ ಕಿವಿಗೆ ಅದು ಬೇರೆಯೇ ಕೇಳಿಸಿತು.

“ಅತ್ತಿ ಕಾಟ ಬ್ಯಾಡಂತ ಇಷ್ಟ ದೂರ ಬಂದಿ. ಈಗ ಬಾಜೂ ಮನ್ಯಾಗ ನೀನ ಒಬ್ಬಾಕಿನ್ನ ಮಾಡ್ಕೊಂಡಿ ನೋಡು!” ಎಂದು ನಕ್ಕರು.

ಕೋವಿಡ್ ಬಂದು ಎಲ್ಲರೂ ಮನೆ ಸೇರಿದ್ದ ವರ್ಷ, ಅಟ್ಲಾಂಟಾದಲ್ಲಿದ್ದ ಮಗ ಫೋನ್ ಮಾಡಿ ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ವಿಷಯ ಹೇಳಿದ. ಫಿಲಿಪ್ಪೀನ್ಸ್ ಮೂಲದವಳು, ಮನೆಯವರು ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿದ್ದರು.

“ಅಮ್ಮಾ, ಅವಳ ಪೇರೆಂಟ್ಸ್ ಓಕೆ. ಬಟ್ ಅವಳನ್ನ ಬೆಳೆಸಿದ್ದು ಅಜ್ಜಿ. ಅಜ್ಜಿ ಯೆಸ್ ಅಂದ್ರೇನೇ ಅವಳೂ ಯೆಸ್ ಅನ್ನೋದು.”

ಆ ಅಜ್ಜಿಗೆ ಹಿಂದಿನ ವರ್ಷ ಸ್ಟ್ರೋಕ್ ಆಗಿತ್ತು. ಇಂಗ್ಲಿಷ್ ಪೂರ್ತಿ ಹೋಗಿ, ತಾಯ್ನುಡಿ ಟಗಾಲೊಗ್‌ನ ಕೆಲವೇ ಮಾತುಗಳು ಉಳಿದಿದ್ದವಂತೆ. ಕೇಳಿದ ಸುದ್ದಿಯನ್ನು ಮರೆತುಬಿಡುತ್ತಾರೆ ಎಂದೂ ಮಗ ಹೇಳಿದ. ‘ಕೈ ಮುಗದು ನಕ್ಕರ ಮುಗೀತು’ ಎಂದರು ಯಜಮಾನರು. ನನಗೆ ಮನಸ್ಸು ಒಪ್ಪಲಿಲ್ಲ. ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವರ ಮುಂದೆ ಹೋಗಿ ಹೆಣ್ಣು ಕೇಳುವಾಗ ಮೂಕಿಯಂತೆ ಕೂರುವುದೇ? ಮರುದಿನವೇ ಆತೆಯನ್ನು ಕೇಳಿದೆ, ನಿಮ್ಮ ಭಾಷೆ ಕಲಿಸುತ್ತೀರಾ ಎಂದು.

ಆತೆಯ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಎರಡು ಕುರ್ಚಿ ದೂರ ದೂರ ಹಾಕಿ, ಮಾಸ್ಕ್ ಕಟ್ಟಿಕೊಂಡು ಪಾಠ ಶುರುವಾಯಿತು. ಬಾ, ಹೋಗು, ತಿನ್ನು ಎಂಬುದರಿಂದ ಶುರುಮಾಡುತ್ತಾರೆ ಅಂದುಕೊಂಡಿದ್ದೆ. ಅವರು ನಾನು, ನೀನು, ನಾವು ಹಿಡಿದರು. “ಮೊದಲು ಮನುಷ್ಯರು. ಕೆಲಸ ಆಮೇಲೆ,” ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ.

ಆ ಇಂಗ್ಲಿಷಿನಲ್ಲಿ ಅವರು ಎಷ್ಟೋ ಸಲ ನಮ್ಮ ಯಜಮಾನರನ್ನು ‘ಶೀ’ ಎಂದುಬಿಡುತ್ತಿದ್ದರು. ಯಾಕೆಂದು ಆಗ ತಿಳಿಯಿತು. ಟಗಾಲೊಗ್‌ನಲ್ಲಿ ಅವನಿಗೂ ಅವಳಿಗೂ ಇರುವುದು ಒಂದೇ ಪದ, ಸಿಯಾ. ನಾವೂ ಹಿರಿಯರಾದರೆ ಗಂಡಸಿಗೂ ಹೆಂಗಸಿಗೂ ‘ಅವರು’ ಅನ್ನುತ್ತೇವಲ್ಲ ಎಂದು ಹೇಳಿದಾಗ ಅವರಿಗೆ ಖುಷಿಯೋ ಖುಷಿ. ಮರ್ಯಾದೆಗೆ ಮಾತಿನ ನಡುವೆ ‘ಪೊ’ ಸೇರಿಸಬೇಕಂತೆ. ಅದನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮ ಮನೆಯಿಂದ ಚಹಾ ತಂದ ಯಜಮಾನರು: “ಅಂದ್ರ ನಮ್ಮ ‘ರೀ’ ಅನ್ನು!”

ನಾನು ಎಡವುತ್ತಿದ್ದದ್ದು ‘ನಾವು’ ಬಂದಾಗ. ಅಲ್ಲಿ ಎರಡು ‘ನಾವು’. ಕೇಳಿಸಿಕೊಳ್ಳುವವರನ್ನು ಹೊರಗಿಟ್ಟು ಹೇಳುವ ನಾವು, ಕಮಿ. ಅವರನ್ನೂ ಸೇರಿಸಿಕೊಂಡ ನಾವು, ತಾಯೊ. ಆತೆ ಕಮಿ ಅನ್ನುವಾಗ ಕೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ತಾಯೊ ಅನ್ನುವಾಗ ಅದೇ ಕೈ ನನ್ನ ಕುರ್ಚಿಯವರೆಗೂ ದೊಡ್ಡ ಸುತ್ತು ಹೊಡೆಯುತ್ತಿತ್ತು. ಕಮಿ ಅಂದರೆ ಎದುರಿನವರು ಕಮ್ಮಿ, ತಾಯೊ ಅಂದರೆ ತಾಯಿಯ ಹಾಗೆ ಎಲ್ಲರೂ ಒಳಗೆ ಎಂದು ನನ್ನಷ್ಟಕ್ಕೆ ಬಾಯಿಪಾಠ ಮಾಡಿಕೊಂಡೆ. ಆದರೂ ನಾಲಿಗೆಗೆ ಮೊದಲು ಬರುತ್ತಿದ್ದದ್ದು ಕಮಿಯೇ.

ಒಂದು ಸಂಜೆ ಆತೆ ಗಂಡನ ಮಾತು ತೆಗೆದರು. ಇಬ್ಬರೂ ಸೇರಿ ಈ ಡೆಕ್ಕಿಗೆ ಬಣ್ಣ ಹಚ್ಚಿದ್ದು, ಹಚ್ಚುತ್ತ ಜಗಳವಾಡಿದ್ದು... ಹೇಳುತ್ತ ಹೇಳುತ್ತ ತಡೆದು, “ನೋಡು, ಅವರ ವಿಷಯ ಬಂದರೆ ನಾನು ಕಮಿ ಅಂತೀನಿ. ತಾಯೊ ಅನ್ನಬೇಕಾದರೆ ಅವರು ಎದುರಿಗೆ ಕೂತಿರಬೇಕಲ್ಲ,” ಎಂದರು.

ವ್ಯಾಕ್ಸೀನ್ ಬಂದ ಮೇಲೆ ಲಾರೆನ್ಸ್‌ವಿಲ್‌ಗೆ ಹೊರಟೆವು. ಜೊತೆಗೆ ಬನ್ನಿ ಎಂದರೆ ಆತೆ, ಇದು ನಿಮ್ಮ ಮನೆಯ ವಿಷಯ, ನಾನು ಯಾಕೆ ಎಂದು ಹಿಂಜರಿದರು. ಯಜಮಾನರು ಕಾರಿನ ಹಿಂದಿನ ಬಾಗಿಲು ತೆಗೆದು ನಿಂತು, “ಅತ್ತಿನ್ನ ಬಿಟ್ಟು ಹೆಣ್ಣ ಕೇಳಾಕ ಹೋಗೋದ ಹೆಂಗ?” ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನಗುತ್ತ ಒಳಗೆ ಹೋಗಿ ಸ್ವೆಟರ್ ಹಾಕಿಕೊಂಡು ಬಂದರು.

ಅಜ್ಜಿ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು. ಆತೆ ಹೇಳಿಕೊಟ್ಟಂತೆ ಅವರ ಕೈಯನ್ನು ಹಿಡಿದು ನನ್ನ ಹಣೆಗೆ ತಾಗಿಸಿದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ವಾಕ್ಯ ಒಂದೇ: ಇನ್ನು ನಾವೆಲ್ಲ ಒಂದೇ ಮನೆಯವರು. ಆದರೆ ಬಾಯಿ ತೆರೆದಾಗ “ಪಮಿಲ್ಯಾ ನ ಪೊ ಕಮಿ,” ಎಂದುಬಿಟ್ಟೆ.

ಹುಡುಗಿ ತಲೆ ತಗ್ಗಿಸಿದಳು. ಆತೆ ಕಣ್ಣು ಮುಚ್ಚಿಕೊಂಡರು. ನಾವು ಒಂದು ಮನೆಯವರು, ನೀವಲ್ಲ ಎಂದು ಹೇಳಿದಂತಾಗಿತ್ತು! ಅಜ್ಜಿ ನನ್ನ ಮುಖವನ್ನೇ ನೋಡಿದರು. ತುಟಿ ಒಂದೆರಡು ಸಲ ಅಲುಗಿತು, ಮಾತು ಹೊರಡಲಿಲ್ಲ. ಆಮೇಲೆ ಸ್ವಾಧೀನವಿದ್ದ ಕೈಯಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಗುವಿಗೆ ತಿದ್ದುವಂತೆ, “ತಾ... ಯೊ,” ಎಂದರು.

ಹುಡುಗಿ ಅಳತೊಡಗಿದಳು. ಮಗ ನನ್ನ ಕಿವಿಯಲ್ಲಿ, “ಅಮ್ಮಾ, ದಟ್ಸ್ ಎ ಯೆಸ್,” ಎಂದ.

ಆ ಮಧ್ಯಾಹ್ನವೆಲ್ಲ ಆತೆ ಅಜ್ಜಿಯ ಪಕ್ಕದಲ್ಲೇ ಕೂತು ಮಾತಾಡಿದರು. ಅವರು ಅಷ್ಟು ಬೇಗ ಬೇಗ, ಅಷ್ಟು ಜೋರಾಗಿ ನಗುತ್ತ ಮಾತಾಡಿದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಮದುವೆಯಲ್ಲಿ ಇಳಕಲ್ ಸೀರೆ ಉಟ್ಟು ನಮ್ಮ ಕಡೆಯವರಾಗಿ ಓಡಾಡಿದರು. ಮರುವರ್ಷ ಕ್ರಿಸ್‌ಮಸ್‌ಗೆಂದು ತಂಗಿಯ ಮನೆಗೆ, ತಮ್ಮ ಊರಿಗೆ ಹೋದರು. ಅಲ್ಲೇ ಹೃದಯಾಘಾತವಾಯಿತಂತೆ. ಸುದ್ದಿ ಬಂದದ್ದು ಮಣ್ಣಾದ ಮೇಲೆ.

ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅಜ್ಜಿ ನಮ್ಮ ಮಗ ಸೊಸೆಯ ಜೊತೆಗಿದ್ದಾರೆ, ಭಾನುವಾರ ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ. ನನ್ನ ಹಿಂದೆ ಮುಂದೆ ಕಣ್ಣಾಡಿಸಿ, ಆತೆ ಎಲ್ಲಿ ಎಂದು ಕೇಳುತ್ತಾರೆ. ಅವರು ಇಲ್ಲ ಎನ್ನುವ ಮಾತನ್ನು ಆತೆ ನನಗೆ ಕಲಿಸಿರಲಿಲ್ಲ. ಸೊಸೆಯನ್ನು ಕೇಳಿ ಕಲಿತೆ. “ವಲಾ ನ ಪೊ ಸಿಯಾ,” ಎನ್ನುತ್ತೇನೆ. ಅಜ್ಜಿ ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ಮುಂದಿನ ವಾರಕ್ಕೆ ಅವರಿಗೆ ಅದು ಮರೆತಿರುತ್ತದೆ, ಮತ್ತೆ ಕೇಳುತ್ತಾರೆ. ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ. ಹೇಳಿ ಮುಗಿಸುವಷ್ಟರಲ್ಲಿ, ನನಗೂ.