ಮಾದಪ್ಪನಿಗೆ ಕೊಟ್ಟ ಮುಡಿ

ಆರ್‌ಪಿಸಿ ಲೇಔಟಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಬಿಳಿಯವರು. ಪರದೇಶಕ್ಕೆ ಓದಲು ಹೋಗಿದ್ದ ಇಲ್ಲೇ ವಿಜಯನಗರದ ಹುಡುಗನನ್ನು ಮದುವೆಯಾಗಿ ಬಂದವರು. ಕನ್ನಡದಲ್ಲಿ ಬೈಯೋದಂತೂ ನನಗಿಂತ ಚೆನ್ನಾಗಿ ಬರುತ್ತಿತ್ತು. "ಸಾರಿಗೆ ಉಪ್ಪು ಹಾಕೋ ಪದ್ಧತಿ ನಿಮ್ಮನೇಲಿ ಇಲ್ವೇನೇ?" ಅನ್ನೋರು. ಯೆಹೂದಿ ಅನ್ನೋ ಒಂದೇ ಕಾರಣಕ್ಕೆ ಹಿಟ್ಲರನ ಜನ ಅವರನ್ನು ಹದಿಮೂರನೇ ವಯಸ್ಸಿಗೆ ಕ್ಯಾಂಪಿಗೆ ಹಾಕಿದ್ದರಂತೆ, ಅಪ್ಪ ಅಮ್ಮ ಅಲ್ಲೇ ತೀರಿಹೋದರಂತೆ. ಅವರ ಮಗಳು ಮೊದಲ ದಿನವೇ ಇಷ್ಟು ಹೇಳಿ, "ಅವರಾಗಿ ಹೇಳಿದ್ರೆ ಕೇಳಿ, ನೀವಾಗಿ ಕೆದಕಬೇಡಿ" ಅಂದಿದ್ದರು.

ತೊಂಬತ್ತು ದಾಟಿದ ಜೀವಕ್ಕೆ ನ್ಯುಮೋನಿಯಾ ಬಂತು. ಡಾಕ್ಟರೇ ಕೈಚೆಲ್ಲಿದಾಗ, ಮಾದಪ್ಪನಿಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತೆ. ಅಜ್ಜಿ ಎದ್ದು ಕೂತರು. ನಾನು ಎರಡು ದಿನ ರಜೆ ಹಾಕಿ ಮಾದಪ್ಪನ ಬೆಟ್ಟಕ್ಕೆ ಹೋಗಿ, ಸೊಂಟದವರೆಗಿದ್ದ ಕೂದಲು ಕೊಟ್ಟು, ನುಣ್ಣನೆ ತಲೆಗೆ ಗಂಧ ಬಳಿದುಕೊಂಡು ಬಂದು, ಹೊಗಳಲಿ ಅಂತ ಅವರ ಮುಂದೆ ನಿಂತೆ.

ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ತಿಂಡಿ ಮುಟ್ಟಲಿಲ್ಲ, ಮಧ್ಯಾಹ್ನದ ಮಾತ್ರೆಯನ್ನೂ ನುಂಗಲಿಲ್ಲ. ಕ್ಯಾಂಪಿನಲ್ಲಿ ಮೊದಲು ಮಾಡಿದ್ದೇ ಎಲ್ಲರ ತಲೆ ಬೋಳಿಸಿದ್ದು ಅಂತ ಮಗಳು ಅಡುಗೆಮನೇಲಿ ಮೆಲ್ಲಗೆ ಹೇಳಿದರು. "ಬೇರೆಯವರನ್ನ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ." ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅನ್ನಿಸಿತು. ಕೆಲಸ ಹೋದರೆ ಇನ್ನೊಂದು ಸಿಗುತ್ತೆ, ಈಗಷ್ಟೇ ಚೇತರಿಸಿಕೊಂಡ ಜೀವ ಉಪವಾಸ ಬಿದ್ದರೆ ಉಳಿಯುತ್ತಾ?

ತಲೆಗೆ ವೇಲ್ ಸುತ್ತಿಕೊಂಡು, ಹೇಳಿ ಹೋಗೋಣ ಅಂತ ಅವರ ರೂಮಿಗೆ ಹೋದೆ.

"ಯಾರು ಹಿಡ್ಕೊಂಡಿದ್ರು ನಿನ್ನ?" ಗೋಡೆ ನೋಡಿಕೊಂಡೇ ಕೇಳಿದರು.

"ಯಾರೂ ಇಲ್ಲ ಅಜ್ಜಿ. ನಾನೇ ಟೋಕನ್ ತಗೊಂಡು ಕ್ಯೂನಲ್ಲಿ ನಿಂತಿದ್ದೆ. ನೀವು ಹುಷಾರಾಗ್ಲಿ ಅಂತ ಹರಕೆ."

ನಿಧಾನಕ್ಕೆ ನನ್ನ ಕಡೆ ತಿರುಗಿದರು. "ಹುಷಾರಾಗಿದ್ದು ನಾನು, ಕೂದ್ಲು ನಿಂದಾ? ಇದು ಯಾವ ಸೀಮೆ ನ್ಯಾಯಾನೇ?"

"ನಮ್ಮ ಕಡೆ ಹಂಗೇ ಅಜ್ಜಿ."

"ಇನ್ಮೇಲೆ ಯಾರಿಗೆ ಒಳ್ಳೇದು ಮಾಡೋದಿದ್ರೂ ಮೊದ್ಲು ಅವರನ್ನ ಒಂದು ಮಾತು ಕೇಳು."

ನನಗೆ ತರಬೇತಿ ಕೊಟ್ಟವರು ಬಿಪಿ ನೋಡೋದು, ಹಾಸಿಗೆ ಬದಲಾಯಿಸೋದು ಎಲ್ಲ ಹೇಳಿಕೊಟ್ಟಿದ್ದರು. ಇದೊಂದನ್ನು ಬಿಟ್ಟಿದ್ದರು.

ಅಜ್ಜಿ ಕೊಬ್ಬರಿ ಎಣ್ಣೆ ತರಿಸಿದರು. ನನ್ನನ್ನು ಮಂಚದ ಪಕ್ಕ ನೆಲದ ಮೇಲೆ ಕೂರಿಸಿ, ವೇಲ್ ಎಳೆದು ಹಾಕಿ, ಬೋಳುತಲೆಗೆ ಸುರಿದರು. ಅರ್ಧ ಎಣ್ಣೆ ನನ್ನ ಕಿವಿಗೇ ಹೋಯಿತು. "ಇದಾದ್ಮೇಲೆ ಊಟ ಹಾಕು, ಹೊಟ್ಟೆ ಹಸೀತಿದೆ" ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಹಿಂದಲೆಯ ಹತ್ತಿರ ಕೈ ನಿಂತಿತು.

"ನಮ್ಮಮ್ಮನ ತಲೆ ಬೋಳಿಸಿದ ದಿನ, ಹೆದರಿಕೊಂಡು ನಾನು ಅವಳ ಹತ್ರಕ್ಕೇ ಹೋಗ್ಲಿಲ್ಲ ಕಣೇ."

ಮತ್ತೆ ಎಣ್ಣೆ ತಿಕ್ಕತೊಡಗಿದರು. ಸಾಕು ಅಂತ ನಾನು ಹೇಳಲಿಲ್ಲ.